ತಲೆಗೆ ಪೆಟ್ಟು ಬಿದ್ದವರ ಡಾಕ್ಟ್ರಮ್ಮ

ನಮ್ಮ ಡಾಕ್ಟ್ರಮ್ಮನ ಕೈಬರಹ ಚೆನ್ನಾಗಿತ್ತು. ಡಾಕ್ಟರುಗಳ ಬಗ್ಗೆ ಸಾಮಾನ್ಯವಾಗಿ ಯಾರೂ ಹೇಳದ ಮಾತಿದು. ಆದರೂ ಅವರನ್ನು ನೆನೆದಾಗ ನನ್ನ ಕಣ್ಣಿಗೆ ಮೊದಲು ಬರುವುದು ಆ ದುಂಡು ಅಕ್ಷರಗಳೇ. ಔಷಧಿಯ ಹೆಸರು ಇಂಗ್ಲಿಷಿನಲ್ಲಿ, ಅದರ ಕೆಳಗೇ ಕನ್ನಡದಲ್ಲಿ ‘ಊಟ ಆದ ಮೇಲೆ’, ‘ಜ್ವರ ಬಿಟ್ಟರೂ ಐದು ದಿನ ನುಂಗಿ’. ಒಮ್ಮೆ ಯಾರೋ ರೈತ ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಡಾಕ್ಟ್ರು ಬರ್ದಿದ್ದಲ್ಲ, ಯಾರೋ ಮೇಷ್ಟ್ರು ಬರ್ದವ್ರೆ” ಎಂದು ಔಷಧಿ ಅಂಗಡಿಯವನ ಜೊತೆ ಜಗಳಕ್ಕೆ ನಿಂತಿದ್ದನಂತೆ.

ನಾನು ಅವರ ಕೈಕೆಳಗೆ ಹದಿನಾಲ್ಕು ವರ್ಷ ನರ್ಸ್ ಆಗಿದ್ದೆ. ಆಸ್ಪತ್ರೆ ಅಜ್ಜಂಪುರದ ಕಡೆಯದು, ಹೆಸರು ಬೇಡ. ಆಗ ಅಜ್ಜಂಪುರ ಇನ್ನೂ ತಾಲ್ಲೂಕಾಗಿರಲಿಲ್ಲ, ಏನಿದ್ದರೂ ತರೀಕೆರೆಗೆ ಹೋಗಬೇಕಿತ್ತು. ತಲೆ ಒಡೆದುಕೊಂಡವರನ್ನಂತೂ ತರೀಕೆರೆ ದಾಟಿ ಶಿವಮೊಗ್ಗಕ್ಕೇ ಕಳಿಸಬೇಕು, ಸ್ಕ್ಯಾನ್ ಇದ್ದದ್ದು ಅಲ್ಲೇ. ಅಲ್ಲಿಗೆ ಹೋಗುವವರೆಗೆ ಜೀವ ಹಿಡಿದಿಡುವ ಕೆಲಸ ನಮ್ಮದು.

ಡಾಕ್ಟ್ರಮ್ಮ ಸಖರಾಯಪಟ್ಟಣದವರು, ತೆಂಗಿನ ತೋಟವಿದ್ದ ಮನೆಯ ಹೆಣ್ಣುಮಗಳು. ಮದುವೆಯಾಗಿರಲಿಲ್ಲ. ಕೇಳಿದವರಿಗೆ “ಪುರುಸೊತ್ತಾಗ್ಲಿಲ್ಲ” ಅನ್ನುತ್ತಿದ್ದರು, ಸಂತೆಗೆ ಹೋಗಲು ಆಗಲಿಲ್ಲ ಅನ್ನುವ ಹಾಗೆ. ಗಿಡ್ಡ ಆಳು, ದೊಡ್ಡ ದನಿ. ಹೊರರೋಗಿಗಳ ಕೋಣೆಯಲ್ಲಿ ಕೂತು ಯಾರನ್ನಾದರೂ ಬೈದರೆ ಹೆರಿಗೆ ವಾರ್ಡಿನಲ್ಲಿ ಮಲಗಿದ್ದವರು ಎದ್ದು ಕೂರುತ್ತಿದ್ದರು. ಹೊಗಳುವುದು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಒಂದು ಕೂಸಿನ ಎಳೆಯ ಕೈಯಲ್ಲಿ, ಮೂರು ಜನ ಹುಡುಕಿ ಸೋತ ಮೇಲೆ, ನಾನು ಮೊದಲ ಚುಚ್ಚಿಗೇ ನರ ಹಿಡಿದೆ. ಡಾಕ್ಟ್ರಮ್ಮ ನೋಡಿ, “ಹೂಂ, ಟೇಪು ಓರೆ ಹಾಕಿದೀಯ” ಅಂದು ಹೋದರು. ಅದೇ ಹೊಗಳಿಕೆ ಎಂದು ಅರ್ಥವಾಗಲು ನನಗೆ ಎರಡು ವರ್ಷ ಹಿಡಿಯಿತು.

ಆ ಕಾಲದಲ್ಲಿ ತಲೆಗೆ ಪೆಟ್ಟು ಅಂದರೆ ನಮ್ಮ ಕೈ ತಾನಾಗಿ ಡೆಕ್ಸಾ ಇಂಜೆಕ್ಷನ್ ಕಡೆ ಹೋಗುತ್ತಿತ್ತು. ಅದು ಸ್ಟೀರಾಯ್ಡ್ ಜಾತಿಯ ಔಷಧಿ, ಉರಿಯೂತ ತಗ್ಗಿಸುವಂಥದು. ಮೆದುಳಿಗೆ ಪೆಟ್ಟು ಬಿದ್ದರೆ ಅದು ಊದಿಕೊಳ್ಳುತ್ತದೆ. ಕಾಲು ಉಳುಕಿದರೆ ಊದಲು ಜಾಗವಿದೆ, ತಲೆಬುರುಡೆಯೊಳಗೆ ಜಾಗ ಎಲ್ಲಿ? ತೆಂಗಿನ ಚಿಪ್ಪಿನೊಳಗೆ ಕಾಯಿ ಊದಿಕೊಂಡ ಹಾಗೆ. ಒತ್ತಡ ಹೆಚ್ಚಾಗಿ ಉಸಿರೇ ನಿಂತುಹೋಗಬಹುದು. ಊತ ಇಳಿಸುವ ಔಷಧಿ ಕೊಟ್ಟರೆ ಒಳ್ಳೆಯದು ಎಂಬುದು ಕೂಸೂ ಒಪ್ಪುವ ಮಾತಾಗಿತ್ತು. ನಮ್ಮಲ್ಲಿ ಮಾತ್ರವಲ್ಲ, ಎಲ್ಲ ಕಡೆಯೂ ಕೊಡುತ್ತಿದ್ದರು. ಊರಿನ ಜನಕ್ಕೂ ಅದು ‘ಊತದ ಇಂಜೆಕ್ಷನ್’ ಎಂದು ಗೊತ್ತಿತ್ತು.

ಡಾಕ್ಟ್ರಮ್ಮನಿಗೆ ಅಂಚೆಯಲ್ಲಿ ವೈದ್ಯಕೀಯ ಪತ್ರಿಕೆಗಳು ಬರುತ್ತಿದ್ದವು. ಮಧ್ಯಾಹ್ನ ಮುದ್ದೆ ಉಣ್ಣುತ್ತ ಎಡಗೈಯಲ್ಲಿ ಹಾಳೆ ತಿರುಗಿಸುತ್ತಿದ್ದರು. ನಾನು ಸೇರಿ ಆರೇಳು ವರ್ಷವಾಗಿತ್ತು. ಒಂದು ದಿನ ಅವರು ಊಟ ಅರ್ಧಕ್ಕೆ ಬಿಟ್ಟು ಎದ್ದು ಬಂದರು. ತಟ್ಟೆಯಲ್ಲಿ ಊಟ ಬಿಟ್ಟಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮರುದಿನ ಬೆಳಗ್ಗೆ ಎಲ್ಲರನ್ನೂ ಡ್ರೆಸ್ಸಿಂಗ್ ರೂಮಿಗೆ ಕರೆದರು. ಹಲವು ದೇಶಗಳ ಆಸ್ಪತ್ರೆಗಳು ಸೇರಿ ಸಾವಿರಾರು ಜನ ಪೆಟ್ಟು ಬಿದ್ದವರ ಮೇಲೆ ಪರೀಕ್ಷೆ ಮಾಡಿದ್ದಾರೆ, ಅರ್ಧ ಜನಕ್ಕೆ ಸ್ಟೀರಾಯ್ಡ್, ಇನ್ನರ್ಧ ಜನಕ್ಕೆ ಔಷಧಿಯೇ ಇಲ್ಲದ ಬರೀ ದ್ರಾವಣ. “ಔಷಧಿ ತಗೊಂಡೋರು ಹೆಚ್ಚು ಜನ ಉಳೀತಾರೆ ಅಂತ್ಲೇ ಶುರು ಮಾಡಿದ್ದು. ಔಷಧಿ ತಗೊಂಡೋರೇ ಹೆಚ್ಚು ಜನ ಸತ್ತವ್ರೆ. ಪರೀಕ್ಷೆನೇ ನಿಲ್ಸಿಬಿಟ್ರಂತೆ.”

ಕಾಂಪೌಂಡರ್, “ಊತ ಇಳಿದ್ರೆ ಒಳ್ಳೇದೇ ಅಲ್ವಾ ಮೇಡಂ?” ಎಂದು ಕೇಳಿದರು.

“ನಾನೂ ಹಂಗೇ ಅಂದ್ಕೊಂಡಿದ್ದೆ ಕಣ್ರೀ. ಬಣವೆಗೆ ಬೆಂಕಿ ಬಿದ್ದಾಗ ಊರೆಲ್ಲ ಓಡಿಬರುತ್ತೆ. ನೀರು ಹಾಕೋರೂ ಅವ್ರೇ, ಪಕ್ಕದ ಬೆಳೆ ತುಳಿದು ಹಾಳು ಮಾಡೋರೂ ಅವ್ರೇ. ಬೆಳೆ ತುಳೀತಾರೆ ಅಂತ ಎಲ್ಲಾರ್ನೂ ಓಡಿಸಿಬಿಟ್ರೆ ಬೆಂಕಿ ಆರ್ಸೋರ್ಯಾರು? ಉರಿಯೂತಾನೂ ಹಂಗೇ ಇರ್ಬೇಕು. ಸರಿಯಾಗಿ ಯಾರಿಗೂ ಗೊತ್ತಿಲ್ಲ. ಇವತ್ತಿಂದ ತಲೆಪೆಟ್ಟಿಗೆ ಡೆಕ್ಸಾ ಇಲ್ಲ. ತಲೆ ಕಡೆ ಮಂಚ ಎತ್ತರಿಸ್ಬೇಕು, ಕುತ್ತಿಗೆ ಅಲುಗಾಡಬಾರದು, ಉಸಿರು ನೋಡ್ಬೇಕು, ಆಕ್ಸಿಜನ್ ಕೊಡ್ಬೇಕು, ಬಿ.ಪಿ. ಬೀಳದ ಹಾಗೆ ನೋಡ್ಕೊಬೇಕು, ಬೇಗ ಕಳಿಸ್ಬೇಕು.” ಆಮೇಲೆ, ಔಷಧಿಯನ್ನು ಬಿಸಾಡುತ್ತಾರೇನೋ ಎಂಬ ಅನುಮಾನ ನಮ್ಮ ಮುಖದಲ್ಲಿ ಕಂಡಿತೋ ಏನೋ, “ಔಷಧಿ ಕೆಟ್ಟದ್ದಲ್ಲ. ಮೆದುಳಲ್ಲಿ ಗಡ್ಡೆ ಆಗಿ ಊದಿದ್ರೆ ಅದೇ ಬೇಕು. ಈ ಕೆಲಸಕ್ಕೆ ಅದಲ್ಲ, ಅಷ್ಟೇ” ಅಂದರು.

ಅಲ್ಲಿಗೆ ಮುಗಿದಿದ್ದರೆ ಅವರು ಓದಿಕೊಂಡ ಒಬ್ಬ ಒಳ್ಳೆಯ ಡಾಕ್ಟರ್ ಎಂದಷ್ಟೇ ಹೇಳುತ್ತಿದ್ದೆ. ಅವರು ಹಳೆಯ ರಿಜಿಸ್ಟರುಗಳನ್ನು ತೆಗೆಸಿದರು. ತಾವು ಬಂದಾಗಿನಿಂದ ತಲೆಗೆ ಪೆಟ್ಟಾಗಿ ನಮ್ಮಲ್ಲಿ ಮಲಗಿದವರ ಹೆಸರುಗಳನ್ನು ವಾರಗಟ್ಟಲೆ ಓದಿದರು. ಏನೂ ಬರೆದುಕೊಳ್ಳಲಿಲ್ಲ, ಸುಮ್ಮನೆ ಓದಿದರು. ಕೊನೆಗೊಂದು ದಿನ ನನ್ನನ್ನು ಕರೆದು, “ಭಾನುವಾರ ಯಗಟಿಗೆ ಹೋಗ್ಬೇಕು, ಬತ್ತೀಯಾ?” ಅಂದರು.

ಯಗಟಿಯ ಆ ಹುಡುಗ ನನಗೂ ನೆನಪಿದ್ದ. ಕುರಿ ತುಂಬಿದ್ದ ಲಾರಿಯ ಮೇಲೆ ಕೂತು ಸಂತೆಗೆ ಹೊರಟವನು ನಮ್ಮೂರ ತಿರುವಿನಲ್ಲಿ ಕೆಳಗೆ ಬಿದ್ದಿದ್ದ. ಸಾಗಿಸುವ ಸ್ಥಿತಿಯಲ್ಲಿರಲಿಲ್ಲ. ಮೂರು ದಿನ ಡೆಕ್ಸಾ ಕೊಟ್ಟೆವು, ಕೊಟ್ಟವಳು ನಾನೇ. ನಾಲ್ಕನೆಯ ದಿನ ತೀರಿಕೊಂಡ. ಅವನ ತಾಯಿ ಬಾಗಿಲ ಹತ್ತಿರ ಕೂತು ಹೋಗಿಬರುವವರನ್ನೆಲ್ಲ ಕೇಳುತ್ತಿದ್ದಳು. ಡಾಕ್ಟ್ರಮ್ಮ ಅವಳ ಭುಜ ಹಿಡಿದು, “ಒಳ್ಳೇ ಇಂಜೆಕ್ಷನ್ ಕೊಟ್ಟಿದೀನಿ ಕಣವ್ವ, ಊತ ಇಳಿಯುತ್ತೆ, ಹೆದರಬೇಡ” ಅಂದಿದ್ದರು.

“ಅಷ್ಟೂ ಜನದಲ್ಲಿ ಅವಳೊಬ್ಬಳಿಗೆ ನಾನು ಬಾಯಿಬಿಟ್ಟು ಮಾತು ಕೊಟ್ಟಿದ್ದೆ” ಎಂದರು. ನಾನು ಬೇಡ ಅಂದೆ. ಹೋದವನು ಹೋಗಿ ಮೂರು ವರ್ಷವಾಗಿದೆ, ಈಗ ಹೋಗಿ ಹೇಳಿ ಏನು ಬಂತು ಅಂದೆ. ಕೇಳಲಿಲ್ಲ.

ಬಸ್ಸಿನಲ್ಲಿ ಹೋದೆವು. ಡಾಕ್ಟ್ರಮ್ಮನಿಗೆ ಬಸ್ಸು ಒಗ್ಗುತ್ತಿರಲಿಲ್ಲ. ದಾರಿಯುದ್ದಕ್ಕೂ ಕಣ್ಣು ಮುಚ್ಚಿ, ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದರು. ಆ ತಾಯಿ ಕುರಿಹಟ್ಟಿಯ ಮುಂದೆ ಮುಳ್ಳುಕಂಟಿ ಸರಿಮಾಡುತ್ತಿದ್ದಳು. ನೋಡಿದ ತಕ್ಷಣ ಗುರುತು ಹಿಡಿದಳು. ಡಾಕ್ಟ್ರಮ್ಮ ಸುತ್ತುಬಳಸು ಮಾತಾಡಲಿಲ್ಲ. ಅವತ್ತು ಕೊಟ್ಟ ಇಂಜೆಕ್ಷನ್ನಿನಿಂದ ಒಳ್ಳೆಯದಾಗುವುದಿಲ್ಲ, ಕೆಟ್ಟದ್ದೇ ಆಗಬಹುದು ಎಂದು ಈಗ ಗೊತ್ತಾಗಿದೆ, ಆಗ ಗೊತ್ತಿರಲಿಲ್ಲ ಅಂದರು.

ಅವಳು ಕೈಯಲ್ಲಿದ್ದ ಕಂಟಿಯನ್ನು ಕೆಳಗಿಟ್ಟಳು. “ಇಷ್ಟು ದಿನ ದೇವ್ರು ಕರ್ಕೊಂಡೋದ ಅಂತ ಇದ್ದೆ. ಈಗ ಯಾರು ಕರ್ಕೊಂಡೋದ್ರು ಅಂದ್ಕಳ್ಲಿ ಡಾಕ್ಟ್ರಮ್ಮ?”

“ಗೊತ್ತಿಲ್ಲ ಕಣವ್ವ. ಪೆಟ್ಟು ದೊಡ್ಡದಿತ್ತು. ಕೊಡದೆ ಇದ್ರೂ ಹೋಗ್ತಿದ್ನೇನೋ. ಆದ್ರೆ ಇಳಿಯುತ್ತೆ ಅಂತ ನಿಂಗೆ ಹೇಳಿದ್ನಲ್ಲ, ಆ ಮಾತು ಸುಳ್ಳಾಯ್ತು.”

ಅವಳು ಒಳಗೆ ಹೋದಳು. ನಾವು ಬಿಸಿಲಲ್ಲಿ ನಿಂತೇ ಇದ್ದೆವು. ಬಹಳ ಹೊತ್ತಾದ ಮೇಲೆ ಚೊಂಬಿನಲ್ಲಿ ಮಜ್ಜಿಗೆ ತಂದಳು. “ಬಿಸ್ಲಲ್ಲಿ ಬಂದಿದೀರ, ಕುಡೀರಿ” ಅಂದಳು. ಕುಡಿದು ಚೊಂಬು ಕೊಟ್ಟಾಗ, “ಇನ್ನೊಂದ್ಸಲ ಬರಬ್ಯಾಡಿ” ಅಂದಳು.

ವಾಪಸು ಬರುವಾಗ ಡಾಕ್ಟ್ರಮ್ಮ ನಿಂಬೆಹಣ್ಣು ಮೂಸಲಿಲ್ಲ, ವಾಂತಿಯೂ ಮಾಡಲಿಲ್ಲ. ಬೀರೂರು ಹತ್ತಿರ ಬಂದಾಗ, “ನನ್ ತಲೆ ಮೇಲಿನ ಹೊರೆ ಎತ್ತಿ ಅವಳ ತಲೆ ಮೇಲೆ ಇಟ್ಟು ಬಂದೆ ಕಣೇ. ತಪ್ಪು ಮಾಡ್ದೆ” ಅಂದರು. ಆಮೇಲೆ ಬೇರೆ ಯಾರ ಮನೆಗೂ ಹೋಗಲಿಲ್ಲ. ಅವರು ಮಾಡಿದ್ದು ತಪ್ಪೋ ಸರಿಯೋ ಎಂದು ನಾನು ಇಷ್ಟು ವರ್ಷ ಯೋಚಿಸಿದ್ದೇನೆ. ಒಂದೊಂದು ದಿನ ಒಂದೊಂದು ತೋರುತ್ತದೆ. ಹಾಗೆ ಹೋಗಿ ನಿಲ್ಲುವ ಇನ್ನೊಬ್ಬ ಡಾಕ್ಟರನ್ನು ಮಾತ್ರ ನಾನು ಕಂಡಿಲ್ಲ.

ಅದೇ ವರ್ಷ ಹುರುಳಿ ಒಕ್ಕಣೆಯ ಕಾಲಕ್ಕೆ ನನ್ನ ಮನೆಯ ಸರದಿ ಬಂತು.

ನಮ್ಮ ಕಡೆ ಕಣ ಮಾಡುವ ತಾಪತ್ರಯವೇಕೆಂದು ಹುರುಳಿ ಗಿಡ, ರಾಗಿ ತೆನೆಗಳನ್ನು ಟಾರು ರಸ್ತೆಯ ಮೇಲೇ ಹರಡುತ್ತಾರೆ. ಬಸ್ಸು ಲಾರಿ ಓಡಾಡಿ ಕಾಳು ಉದುರುತ್ತದೆ. ನಾಲ್ಕು ಗಾಲಿಯವರು ಹೇಗೋ ದಾಟುತ್ತಾರೆ, ಬೈಕಿನವರು ಜಾರುತ್ತಾರೆ. ನನ್ನ ಯಜಮಾನರು ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ಮಾಡಿಸಿಕೊಂಡು ಬೈಕಿನಲ್ಲಿ ಬರುತ್ತಿದ್ದವರು ಹುರುಳಿ ಸೊಪ್ಪಿನ ಮೇಲೆ ಜಾರಿ ಬಿದ್ದರು, ತಲೆ ನೆಲಕ್ಕೆ ಬಡಿದಿತ್ತು. ಹೆಲ್ಮೆಟ್ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ನನ್ನ ಮೈದುನ ಲಗೇಜ್ ಆಟೋದಲ್ಲಿ ಹಾಕಿಕೊಂಡು ಬಂದ. ಡ್ಯೂಟಿಯಲ್ಲಿದ್ದವಳು ನಾನೇ. ಮೈದುನನನ್ನು ನಾನಿನ್ನೂ ಕಂಡಿರಲಿಲ್ಲ, ಹೊದಿಸಿದ್ದ ಟವೆಲ್ಲು ಸರಿಸಿದಾಗಲೇ ಇವರು ಎಂದು ಗೊತ್ತಾಗಿದ್ದು. ಕಿವಿಯಿಂದ ರಕ್ತ ಬರುತ್ತಿತ್ತು. ಕರೆದರೆ ಕಣ್ಣು ಬಿಡುತ್ತಿರಲಿಲ್ಲ.

ಆಮೇಲಿನದು ನನಗೆ ಚೂರುಚೂರಾಗಿ ನೆನಪಿದೆ. ಡಾಕ್ಟ್ರಮ್ಮ ಉಸಿರು ನೋಡುತ್ತಿದ್ದಾರೆ, ಕುತ್ತಿಗೆಗೆ ಎರಡೂ ಕಡೆ ಮರಳಿನ ಚೀಲ ಇಡಿಸುತ್ತಿದ್ದಾರೆ. ನನ್ನ ಕೈ ತುರ್ತು ಟ್ರೇಗೆ ಹೋಗಿ ಡೆಕ್ಸಾ ಸಿರಿಂಜಿಗೆ ಎಳೆದುಕೊಂಡಿದೆ. ಅದು ಬೇಡವೆಂದು ಅವರು ಹೇಳಿದ್ದೂ ಗೊತ್ತು, ಯಗಟಿಯೂ ಗೊತ್ತು. ಆದರೂ ಸುಮ್ಮನೆ ನಿಲ್ಲಲು ಆಗಲಿಲ್ಲ. ಅವರು ನನ್ನ ಮಣಿಕಟ್ಟು ಹಿಡಿದರು.

“ಬೇಡ.”

“ಮೇಡಂ, ನನ್ ಗಂಡ ಕಣ್ರೀ!”

“ಅದಕ್ಕೇ ಬೇಡ ಅಂತಿರೋದು.”

ಮೈದುನ ಬಾಗಿಲಲ್ಲಿ ಕೂಗಾಡಿದ. “ತರೀಕೆರೆ ಪ್ರೈವೇಟಲ್ಲಿ ಬಂದ ತಕ್ಷಣ ಊತದ ಇಂಜೆಕ್ಷನ್ ಹಾಕ್ತಾರೆ. ನೀವೇನು ದಿಂಬು ಎತ್ತರಿಸ್ಕೊಂಡು ಕೂತಿದೀರ! ಅತ್ಗೆ, ನೀನೂ ಸುಮ್ನಿದೀಯಲ್ಲ?”

ಡಾಕ್ಟ್ರಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ. ಸಿರಿಂಜನ್ನು ನನ್ನ ಕೈಯಿಂದ ಬಿಡಿಸಿ, ಔಷಧಿಯನ್ನು ಬೇಸಿನ್ನಿಗೆ ಚೆಲ್ಲಿ, “ಆಂಬುಲೆನ್ಸ್ ತಗೊಳ್ಳಿ, ನಾನೂ ಬತ್ತೀನಿ” ಅಂದರು.

ಬಸ್ಸಿನ ಮುಂದಿನ ಸೀಟಿನಲ್ಲೇ ಕೂರಲಾಗದ ಹೆಂಗಸು, ಆಂಬುಲೆನ್ಸಿನ ಹಿಂದುಗಡೆ ಮಂಡಿಯೂರಿ ಕೂತು, ಉಸಿರಿನ ದಾರಿ ಮುಚ್ಚದ ಹಾಗೆ ನನ್ನ ಗಂಡನ ದವಡೆ ಮುಂದಕ್ಕೆ ಎತ್ತಿ ಹಿಡಿದುಕೊಂಡೇ ಶಿವಮೊಗ್ಗದವರೆಗೆ ಬಂದರು. ತರೀಕೆರೆ ದಾಟುವುದರೊಳಗೆ ಎರಡು ಸಲ ವಾಂತಿ ಮಾಡಿಕೊಂಡರು. ನಾನು ಟ್ರೇ ಹಿಡಿದೆ. ಅವರು ಮುಖ ಪಕ್ಕಕ್ಕೆ ತಿರುಗಿಸಿದರೇ ವಿನಾ ಕೈ ತೆಗೆಯಲಿಲ್ಲ. ನಡುನಡುವೆ “ಬಿ.ಪಿ. ಎಷ್ಟು?”, “ಕಣ್ಣಿನ ಪಾಪೆ ನೋಡು, ಎರಡೂ ಒಂದೇ ಸಮ ಇದೆಯಾ?” ಎಂದು ಕೇಳುತ್ತಿದ್ದರು. ನಾನು ಅಳದೆ ಉತ್ತರ ಕೊಡಬೇಕಾಯಿತು. ಕೆಲಸ ಕೊಟ್ಟು ನನ್ನ ಅಳು ತಡೆದರು ಎಂದು ಆಮೇಲೆ ಹೊಳೆಯಿತು.

ಯಜಮಾನರು ಹನ್ನೊಂದು ದಿನ ಐ.ಸಿ.ಯು.ನಲ್ಲಿದ್ದರು. ಹನ್ನೆರಡನೆಯ ದಿನ ನನ್ನನ್ನು ನೋಡಿ, “ಸ್ಟಾರ್ಟರ್ ಎಲ್ಲಿ?” ಅಂದರು. ಬದುಕಿದರು.

ಸಂತೋಷ ತಡೆಯಲಾರದೆ ಡಾಕ್ಟ್ರಮ್ಮನ ಹತ್ತಿರ ಹೋಗಿ, “ನೀವು ಅವತ್ತು ತಡೆದಿದ್ದಕ್ಕೇ ಉಳಿದ್ರು” ಅಂದೆ. ಅವರು ತಲೆ ಅಲ್ಲಾಡಿಸಿದರು. “ಹಂಗನ್ನಬೇಡ. ಕೊಟ್ಟಿದ್ರೂ ಉಳೀತಿದ್ರೇನೋ. ಸಾವಿರಾರು ಜನರಲ್ಲಿ ಗೊತ್ತಾಗೋದು ಒಬ್ಬರಲ್ಲಿ ಗೊತ್ತಾಗಲ್ಲ.” ಕಾಲಿಗೆ ಬೀಳಲು ಬಂದವಳಿಗೆ ಲೆಕ್ಕದ ಪಾಠ ಹೇಳಿ ಕಳಿಸಿದರು.

ಆ ಅಪಘಾತದ ಕೋಪವನ್ನೆಲ್ಲ ಅವರು ರಸ್ತೆಯ ಒಕ್ಕಣೆಯ ಮೇಲೆ ತೀರಿಸಿಕೊಂಡರು. ಎಲ್ಲಿ ಸೊಪ್ಪು ಹರಡಿದ್ದು ಕಂಡರೂ ಜೀಪು ನಿಲ್ಲಿಸಿ ಇಳಿದು ಬೈಯುವುದು. ಒಬ್ಬ ಮುದುಕಿ ಮರದ ಕೆಳಗಿಂದ ಎದ್ದು ಬಂದು, “ನಮ್ಗೆ ಕಣ ಮಾಡಕ್ಕೆ ಜಾಗ ಎಲ್ಲೈತೆ ತಾಯಿ? ನಿಮ್ಮ ಆಸ್ಪತ್ರೆ ಒಳಗೆ ಒಕ್ಕಲೇನು?” ಅಂದಳು. ಡಾಕ್ಟ್ರಮ್ಮ ಎರಡು ಕ್ಷಣ ಯೋಚಿಸಿ, “ಬಾ, ನನ್ನ ಕ್ವಾರ್ಟರ್ಸ್ ಹಿಂದ್ಗಡೆ ಜಾಗ ಐತೆ” ಅಂದುಬಿಟ್ಟರು. ಮರುದಿನ ನಾಲ್ಕು ಗಾಡಿ ಹುರುಳಿ ಬಂತು. ಹದಿನೈದು ದಿನ ಟ್ರಾಕ್ಟರ್ ಗುಡುಗುಡು, ಧೂಳು. ಆಸ್ಪತ್ರೆಯಲ್ಲಿ ಉಬ್ಬಸದವರೆಲ್ಲ ಕೆಮ್ಮಿ ಕೆಮ್ಮಿ ಸುಸ್ತಾದರು. ಅವರ ಎಲ್ಲ ಯೋಚನೆಗಳೂ ಚೆನ್ನಾಗಿರುತ್ತಿದ್ದವು ಎಂದು ನಾನು ಹೇಳುವುದಿಲ್ಲ.

ಮನೆಗೆ ಬಂದ ಯಜಮಾನರು ಮೊದಲಿನ ಮನುಷ್ಯರಾಗಿರಲಿಲ್ಲ. ಮೂಗಿಗೆ ವಾಸನೆ ಹೋಗಿತ್ತು. ಒಲೆಯ ಮೇಲೆ ಹಾಲು ಸೀದುಹೋದರೂ ಪಕ್ಕದಲ್ಲೇ ಕೂತಿರುತ್ತಿದ್ದರು. ಮಾತಾಡುತ್ತ ಮಾತಾಡುತ್ತ ಪದ ಸಿಗದೆ ನಿಂತುಬಿಡುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು. ಮೊದಲು ಎತ್ತಿಗೂ ಒಂದೇಟು ಹೊಡೆಯದವರು, ಈಗ ಟಿ.ವಿ. ಸದ್ದಿಗೆ, ಮಕ್ಕಳ ಜಗಳಕ್ಕೆ, ಪಾತ್ರೆ ಬಿದ್ದ ಸದ್ದಿಗೆ ಹುಚ್ಚೆದ್ದು ಕೂಗುತ್ತಿದ್ದರು. ಮೈದುನ ಅವರ ಕಿವಿಯಲ್ಲಿ ಒಂದು ಮಾತು ಬಿತ್ತಿದ್ದ: “ಅವತ್ತು ಆ ಇಂಜೆಕ್ಷನ್ ಕೊಟ್ಟಿದ್ರೆ ನೀನು ಪೂರ್ತಿ ಸರಿ ಹೋಗ್ತಿದ್ದೆ ಕಣಣ್ಣ. ಡಾಕ್ಟ್ರು ಕೊಡ್ಲಿಲ್ಲ, ಅತ್ಗೆ ಕೈಯಲ್ಲಿ ಹಿಡ್ಕೊಂಡಿದ್ರೂ ಹಾಕ್ಲಿಲ್ಲ.” ಯಜಮಾನರು ಅದನ್ನು ನಂಬಿದರು. ನನ್ನನ್ನು ನೋಡುವ ಕಣ್ಣೇ ಬೇರೆಯಾಯಿತು. ಒಂದು ದಿನ ಅವರು ಎಸೆದ ತಟ್ಟೆ ನನ್ನ ಹುಬ್ಬಿಗೆ ಬಡಿಯಿತು. ನಾನೇ ಕನ್ನಡಿ ನೋಡಿಕೊಂಡು ಪಟ್ಟಿ ಹಾಕಿಕೊಂಡು ಡ್ಯೂಟಿಗೆ ಹೋದೆ.

ಡಾಕ್ಟ್ರಮ್ಮ ಪಟ್ಟಿ ಬಿಚ್ಚಿ ನೋಡಿ, ಎರಡು ಹೊಲಿಗೆ ಹಾಕಿದರು. ಏನಾಯಿತೆಂದು ಕೇಳಲಿಲ್ಲ. ಸಂಜೆ ಐದಕ್ಕೆ ನಮ್ಮ ಮನೆಯ ಜಗಲಿಯ ಮೇಲೆ ಬಂದು ಕೂತರು.

“ಇಂಜೆಕ್ಷನ್ ಬೇಡ ಅಂದೋಳು ನಾನು. ಇವಳು ಹಾಕಕ್ಕೆ ಬಂದಿದ್ಲು, ನಾನೇ ಕಿತ್ಕೊಂಡು ಚೆಲ್ದೆ. ಸಿಟ್ಟಿದ್ರೆ ನನ್ನ ಬೈ” ಎಂದು ಯಜಮಾನರಿಗೆ ಹೇಳಿದರು. ಯಜಮಾನರು ಬೈದರು ಕೂಡ. ಡಾಕ್ಟ್ರಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮನೆಯವರನ್ನೆಲ್ಲ ಕರೆದು, “ಇದು ಇವನ ಗುಣ ಅಲ್ಲ, ಪೆಟ್ಟು. ಹೊರಗಿನ ಗಾಯ ಮಾಗಿದೆ, ಒಳಗಿಂದು ಮಾಗಿಲ್ಲ. ತಿಂಗಳಾನುಗಟ್ಟಲೆ ಹಿಡಿಯುತ್ತೆ. ಇದಕ್ಕೆ ಕೊಡೋ ಮಾತ್ರೆ ನನ್ನ ಹತ್ರ ಇಲ್ಲ. ಟಿ.ವಿ. ಆರಿಸಿ. ಒಂದು ಸಲಕ್ಕೆ ಒಬ್ರೇ ಮಾತಾಡಿ. ಮಧ್ಯಾಹ್ನ ಮಲಗಿಸಿ. ಹೆಂಡ ಮುಟ್ಟಕೂಡದು” ಅಂದರು. ಕೊನೆಗೆ ಮತ್ತೆ ಯಜಮಾನರ ಕಡೆ ತಿರುಗಿದರು. “ಪೆಟ್ಟು ಅಂದೆ ಅಂತ ಕೈ ಎತ್ತಕ್ಕೆ ರಜಾ ಕೊಟ್ಟಿಲ್ಲ ನಾನು. ಸಿಟ್ಟು ಬಂದ್ರೆ ಎದ್ದು ತೋಟಕ್ಕೆ ನಡಿ. ಇನ್ನೊಂದ್ಸಲ ಇವಳ ಮೈ ಮೇಲೆ ಗಾಯ ಕಂಡ್ರೆ ಇವಳನ್ನೂ ಮಕ್ಕಳನ್ನೂ ನನ್ನ ಕ್ವಾರ್ಟರ್ಸಿಗೆ ಕರ್ಕೊಂಡ್ ಹೋಗ್ತೀನಿ.”

ಅದು ಗುರುವಾರ. ಮುಂದಿನ ಗುರುವಾರವೂ ಬಂದರು. ಯಜಮಾನರು ಜೀಪಿನ ಸದ್ದು ಕೇಳಿದ ಕೂಡಲೇ ಹಿತ್ತಲಿನಿಂದ ತೋಟಕ್ಕೆ ಹೋಗಿಬಿಟ್ಟರು. ಅದರ ಮುಂದಿನ ವಾರವೂ ಹಾಗೇ ಮಾಡಿದರು. ನಾಲ್ಕನೆಯ ವಾರ ಡಾಕ್ಟ್ರಮ್ಮ ಮನೆಗೆ ಬರದೆ ನೇರವಾಗಿ ತೋಟಕ್ಕೇ ಹೋದರು. ನಾನು ದೂರದಿಂದ ನೋಡಿದೆ. ಬಿದ್ದ ತೆಂಗಿನ ಮರದ ಮೇಲೆ ಒಂದು ತುದಿಯಲ್ಲಿ ಇವರು, ಇನ್ನೊಂದು ತುದಿಯಲ್ಲಿ ಅವರು. ಡಾಕ್ಟ್ರಮ್ಮ ತಮ್ಮ ಊರಿನ ತೋಟದಲ್ಲಿ ನುಸಿರೋಗ ಬಿದ್ದಿದೆ, ಏನು ಮಾಡಬೇಕು ಎಂದು ಕೇಳಿದರಂತೆ, ಇವರು ಹೇಳತೊಡಗಿದರಂತೆ. ನಡುವೆ ಪದ ಸಿಗದೆ ಇವರು ನಿಂತಾಗ ಡಾಕ್ಟ್ರಮ್ಮ ತುಂಬಿಕೊಡುತ್ತಿರಲಿಲ್ಲ, ಕಾಯುತ್ತಿದ್ದರು. ಆಸ್ಪತ್ರೆಯಲ್ಲಿ ಯಾರಿಗೂ ಒಂದು ವಾಕ್ಯ ಮುಗಿಸಲು ಬಿಡದಿದ್ದ ಹೆಂಗಸು ಅಲ್ಲಿ ಕೂತು, ತೆಂಗಿನ ಗರಿಯ ಕಡ್ಡಿ ಸೀಳುತ್ತ, ಒಂದು ಪದಕ್ಕಾಗಿ ಎಷ್ಟು ಹೊತ್ತಾದರೂ ಕಾಯುತ್ತಿದ್ದರು.

ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬಂದರು. ಸಿಟ್ಟು ಒಮ್ಮೆಗೇ ಹೋಗಲಿಲ್ಲ. ಆದರೆ ಅದು ಬಂದಾಗ ಎದ್ದು ಹೊರಗೆ ಹೋಗುವುದನ್ನು ಯಜಮಾನರು ಕಲಿತರು. ಮೊದಮೊದಲು ದಿನಕ್ಕೆ ಐದಾರು ಸಲ ತೋಟಕ್ಕೆ ನಡೆಯುತ್ತಿದ್ದರು. ಆಮೇಲೆ ವಾರಕ್ಕೊಂದು ಸಲ, ಆಮೇಲೆ ಅಪರೂಪಕ್ಕೆ. ಮತ್ತೆ ನನ್ನ ಮೇಲೆ ಕೈ ಎತ್ತಲಿಲ್ಲ. ವಾಸನೆ ಮಾತ್ರ ಬರಲೇ ಇಲ್ಲ. “ಅದು ಬರಲ್ಲ ಅನ್ಸುತ್ತೆ” ಎಂದು ಡಾಕ್ಟ್ರಮ್ಮ ಮೊದಲೇ ಹೇಳಿದ್ದರು.

ಆ ದಿನಗಳಲ್ಲೇ ಔಷಧಿ ಕಂಪನಿಯ ಪ್ರತಿನಿಧಿಯೊಬ್ಬ ಹೊಸ ಕ್ಯಾಪ್ಸೂಲು ತಂದಿದ್ದ. ಮೆದುಳಿನ ಉರಿಯೂತವನ್ನು ಬುಡದಿಂದ ಇಳಿಸುತ್ತದೆ, ಅರಿಶಿನದ ಸತ್ವವೂ ಇದೆ ಎಂದು ಬಣ್ಣದ ಹಾಳೆ ಬಿಡಿಸಿದ. ನನ್ನ ಆಸೆ ಗರಿಗೆದರಿತು. ಡಾಕ್ಟ್ರಮ್ಮ ಕನ್ನಡಕ ಏರಿಸಿ ಹಾಳೆಯ ಕೆಳಗಿನ ಸಣ್ಣಕ್ಷರ ಓದಿ, “ಇದು ಇಲಿಗಲ್ವೇನಪ್ಪಾ?” ಅಂದರು. “ಹೌದು ಮೇಡಂ, ಇಲಿಗಳಲ್ಲಿ ಅದ್ಭುತ ರಿಸಲ್ಟು” ಅಂದ. “ಸರಿ, ನಮ್ಮ ಗೋಡೌನಲ್ಲಿ ಬೇಕಾದಷ್ಟು ಇಲಿ ಇದಾವೆ. ಯಾವ್ದಕ್ಕಾದ್ರೂ ತಲೆಗೆ ಪೆಟ್ಟು ಬಿದ್ರೆ ಹೇಳಿ ಕಳಿಸ್ತೀನಿ.” ಅವನು ಹೋದ ಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತಿದ್ದು ಬಹಳ ಇವೆ ಕಣೇ. ಹುಡುಕ್ತಾ ಇದಾರೆ. ಒಂದು ದಿನ ಸಿಗಬಹುದು. ಸಿಕ್ಕಿದ ದಿನ ಮೊದಲ ಡೋಸು ನಿನ್ನ ಗಂಡನಿಗೆ.”

ಅವರು ನಿವೃತ್ತರಾದಾಗ ಹಾರ ಹಾಕುವ ಸಭೆಗೆ ಒಪ್ಪಲಿಲ್ಲ. ಕೀ ಗೊಂಚಲು ನನ್ನ ಕೈಗೆ ಕೊಟ್ಟು, “ಆಕ್ಸಿಜನ್ ಸಿಲಿಂಡರ್ ದಿನಾ ನೋಡು” ಎಂದಷ್ಟೇ ಹೇಳಿ ಸಖರಾಯಪಟ್ಟಣದ ತಮ್ಮನ ಮನೆಗೆ ಹೋದರು. ಅಲ್ಲಿಯೂ ಜಗಲಿಯ ಮೇಲೆ ಬಿ.ಪಿ. ನೋಡುತ್ತ, ಚೀಟಿ ಬರೆಯುತ್ತ, ಬೈಯುತ್ತ ಇದ್ದರಂತೆ. ಹೋದ ತಿಂಗಳು ಬೆಳಗ್ಗೆ ಕಾಫಿ ಕುಡಿದು ಕುರ್ಚಿಗೆ ಒರಗಿದವರು ಏಳಲಿಲ್ಲ. ಹೃದಯ ನಿಂತಿತ್ತು.

ನಾನು ಮಣ್ಣಿಗೆ ಹೊರಡುತ್ತಿದ್ದಾಗ ಯಜಮಾನರು ಒಗೆದ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಜನಜಂಗುಳಿ, ಗದ್ದಲ ಅವರಿಗೆ ಈಗಲೂ ಆಗುವುದಿಲ್ಲ. ಮದುವೆಗಳಿಗೂ ಬರುವುದಿಲ್ಲ. “ಅಲ್ಲಿ ಭಾಳ ಜನ ಇರ್ತಾರೆ” ಅಂದೆ. “ಇರ್ಲಿ” ಅಂದರು.

ಜನ ಇದ್ದರು. ತಮಟೆ ಬಡಿಯುತ್ತಿದ್ದರು. ಯಜಮಾನರ ದವಡೆ ಬಿಗಿಯುವುದು ನನಗೆ ಕಾಣುತ್ತಿತ್ತು. ಎದ್ದು ಹೊರಗೆ ಹೋಗುತ್ತಾರೆಂದು ಕಾದೆ. ತೋಟದ ಮೂಲೆಯಲ್ಲಿ ಗುಂಡಿ ತೋಡಿದ್ದರು. ಮನೆಯವರು ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟು ಎದ್ದರು. ಯಜಮಾನರು ಎದ್ದು, ಹಿಂದಿನವನ ಭುಜ ಮುಟ್ಟಿ, ಅವನು ಸರಿದ ಜಾಗದಲ್ಲಿ ತಮ್ಮ ಹೆಗಲು ಇಟ್ಟರು. ಆ ತಮಟೆಯ ಸದ್ದಿನಲ್ಲೇ ಕೊನೆಯ ತನಕ ಹೊತ್ತರು.

ಮಣ್ಣು ಹಾಕಿದ ಮೇಲೆ ಡಾಕ್ಟ್ರಮ್ಮನ ತಮ್ಮ ಹತ್ತಿರ ಬಂದು, “ತಾವು ಯಾರು ಅಂತ ಗೊತ್ತಾಗ್ಲಿಲ್ಲ” ಎಂದರು. ಯಜಮಾನರು ಪದ ಹುಡುಕಿದರು. ನನಗೆ ಹೇಳಿಕೊಡಬೇಕೆನಿಸಿತು, ಹೇಳಲಿಲ್ಲ. ಆ ತಮ್ಮನೂ ಪುಣ್ಯಕ್ಕೆ ಕಾದು ನಿಂತರು.

“ಒಂದ್ಸಲ,” ಅಂದರು ಯಜಮಾನರು, “ನಾನು ಸಾಯೋ ಹಂಗಿದ್ದಾಗ, ಎಲ್ರೂ ಕೊಡಿ ಕೊಡಿ ಅಂತಿದ್ರೂ, ಇವ್ರು ನಂಗೆ ಒಂದು ಇಂಜೆಕ್ಷನ್ ಕೊಡ್ಲಿಲ್ಲ ಕಣ್ರೀ. ಅದಕ್ಕೇ ಬಂದೆ.”